ಕಾಫಿ ಕೊಯ್ಲಿಗೆ ಯಾಜಕಕಾಂಡ 19

ಮೂಡಿಗೆರೆ, ಸಕಲೇಶಪುರದ ಕಡೆ ಅರೇಬಿಕಾ ಹಣ್ಣಾಗುವ ಹೊತ್ತಿಗೇ ಕ್ರೈಸ್ತ ಸಭೆಗಳಲ್ಲಿ ಸುಗ್ಗಿ ಹಬ್ಬದ ಮಾತು ಶುರುವಾಗುತ್ತದೆ. ಕಾಣಿಕೆಗೆ ಯಾರದು ಎಷ್ಟು ಮೂಟೆ, ಅದರ ಹರಾಜು ಯಾವ ಭಾನುವಾರ ಎಲ್ಲ ನಿಗದಿಯಾಗುತ್ತದೆ. ಕೊಯ್ಲಿನ ಬಗ್ಗೆ ದೇವರೇ ಬಾಯಿಬಿಟ್ಟು ಹೇಳಿರುವುದನ್ನು ಮಾತ್ರ ಯಾರೂ ಅಷ್ಟು ಲೆಕ್ಕಹಾಕಿ ಓದುವುದಿಲ್ಲ. ‘ಪರಿಶುದ್ಧರಾಗಿರಿ’ ಎಂದು ತೊಡಗುವ, ಬೈಬಲಿನ ಯಾಜಕಕಾಂಡ 19 ಒಂಬತ್ತನೇ ವಚನಕ್ಕೇ ಹೊಲಕ್ಕಿಳಿಯುತ್ತದೆ: ಅಂಚಿನ ಪೈರು ಕೊಯ್ಯಬೇಡ, ಕೊಯ್ದ ಮೇಲೆ ಉಳಿದ, ಉದುರಿದ ಹಕ್ಕಲು ಆಯಬೇಡ. ಹದಿಮೂರಕ್ಕೆ ಕೂಲಿ, ಮೂವತ್ತೈದಕ್ಕೆ ತಕ್ಕಡಿ.

ಕಾಫಿಯವರಿಗೆ ತೊಡಕಾಗುವುದು ಹಕ್ಕಲು. ‘ರಾಗಿ ಹೊಲದಲ್ಲಾದರೆ ಬಿಡಬಹುದು, ತೋಟದಲ್ಲಿ ಹಣ್ಣು ಬಿಟ್ಟರೆ ಕಾಯಿಕೊರಕ ಬರುತ್ತೆ’ ಅನ್ನುತ್ತಾರೆ. ಮಾತು ನಿಜವೇ. ನಮ್ಮ ದೇಶದಲ್ಲಿ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡ ಈ ಹುಳು, ಗಿಡದಲ್ಲಿ ಉಳಿದ ಮತ್ತು ನೆಲಕ್ಕುದುರಿದ ಹಣ್ಣಿನಲ್ಲೇ ಬದುಕಿದ್ದು ಮುಂದಿನ ಫಸಲಿಗೆ ಹತ್ತುತ್ತದೆ. ಅದಕ್ಕೇ ಕಾಫಿ ಮಂಡಳಿ ಹಕ್ಕಲು ಪೂರ್ತಿ ಎತ್ತಿಸಿ ಅನ್ನುವುದು. ಆದರೆ ದೇವರು ಹಣ್ಣನ್ನು ಕೊಳೆಯಲು ಬಿಡು ಎಂದು ಎಲ್ಲಿ ಹೇಳಿದ? ನೀನು ಆಯಬೇಡ, ಬಡವರೂ ಪರದೇಶಿಗಳೂ ಆಯಲಿ ಎಂದ. ಎಣ್ಣೆಮರವನ್ನು (ಆಲಿವ್) ಕಾಯಿಗಾಗಿ ಎರಡನೇ ಸಲ ಬಡಿಯಬೇಡ, ಉಳಿದದ್ದು ಅನಾಥರಿಗೆ, ವಿಧವೆಯರಿಗೆ ಎನ್ನುತ್ತದೆ ಧರ್ಮೋಪದೇಶಕಾಂಡ 24:20. ಹುಳುವಿಗೂ ಬೈಬಲಿಗೂ ಇಲ್ಲಿ ಜಗಳವೇ ಇಲ್ಲ. ತೋಟ ಚೊಕ್ಕಟವಾಗಲೇಬೇಕು, ಆದರೆ ಆ ಹಣ್ಣು ಮಾಲೀಕನ ಕಣಕ್ಕೆ ಹೋಗಬಾರದು, ಅಷ್ಟೆ.

ನಡೆಸುವುದು ಹೀಗೆ. ಒಂದು ಬ್ಲಾಕಿನ ಕೊಯ್ಲು ಪೂರ್ತಿ ಮುಗಿದ ಮೇಲೆ ಆ ಬ್ಲಾಕನ್ನು ಮಾತ್ರ ಹಕ್ಕಲಿಗೆ ಬಿಡಿ. ಇಡೀ ತೋಟ ಒಟ್ಟಿಗೆ ಬಿಟ್ಟರೆ ಹಕ್ಕಲಿನ ನೆಪದಲ್ಲಿ ಕೊಯ್ಯದ ಗಿಡಕ್ಕೂ ಕೈ ಹೋಗುತ್ತದೆ. ದಾರಿಹೋಕ ಪಕ್ಕದವನ ಪೈರಿನ ತೆನೆಯನ್ನು ಕೈಯಿಂದ ಕೀಳಬಹುದು, ಕುಡುಗೋಲು ಹಾಕಬಾರದು ಎಂಬ ಗೆರೆ ಬೈಬಲಿನಲ್ಲೂ ಇದೆ (ಧರ್ಮೋಪದೇಶಕಾಂಡ 23:25). ಹೂಮಳೆಯವರೆಗೆ ಎಳೆಯಬೇಡಿ, ದಿನ ಗೊತ್ತುಮಾಡಿ ಮುಗಿಸಿ. ಹುಳು ಹೊಡೆದ ಹಣ್ಣನ್ನು ಎರಡು ಮೂರು ನಿಮಿಷ ಕುದಿಯುವ ನೀರಲ್ಲಿ ಅದ್ದಿ, ಆಮೇಲೆ ಒಣಗಿಸಬೇಕು. ಕೆಲಸದವರ ಲೈನ್ ಮನೆಯ ಅಂಗಳದಲ್ಲಿ ಅದು ಸರಿಯಾಗಿ ಒಣಗುವುದಿಲ್ಲ. ನಿಮ್ಮ ಕಣದ ಒಂದು ಮೂಲೆ ಕೊಡಿ. ರೊಬಸ್ಟಾ ಚೆರ್ರಿಯ (ಸಿಪ್ಪೆಸಮೇತ ಒಣಗಿಸುವ ಹಣ್ಣು) ತೇವ ಶೇ. 11ಕ್ಕೆ ಇಳಿಯುವವರೆಗೂ ಅಲ್ಲೇ ಇರಲಿ, ನಿಮ್ಮ ಲೋಡಿನ ಜೊತೆಗೇ ಅದೇ ರೇಟಿಗೆ ಹೋಗಲಿ.

ಎಡವಟ್ಟಾಗುವುದು ಎರಡು ಕಡೆ. ದಿನಗೂಲಿ ಕೊಟ್ಟು ಆರಿಸಿ, ಹಣ್ಣನ್ನು ತಾವೇ ಇಟ್ಟುಕೊಂಡು ಹಕ್ಕಲು ಬಿಟ್ಟೆವು ಅನ್ನುವವರಿದ್ದಾರೆ. ಅದು ತೋಟದ ಕೆಲಸ, ಬಿಟ್ಟದ್ದು ಏನೂ ಇಲ್ಲ. ಇನ್ನು ಕೆಲವರು ಲೈನಿನ ಹಳಬರಿಗಷ್ಟೇ ಬಿಟ್ಟು ಅಸ್ಸಾಮಿನಿಂದ ಬಂದವರನ್ನು ಹೊರಗಿಡುತ್ತಾರೆ. ವಚನ ಹೆಸರು ಹಿಡಿದು ಹೇಳಿರುವುದೇ ಪರದೇಶಿಯನ್ನು. ಎಷ್ಟು ಬಿಡಬೇಕು? ಬೈಬಲು ಅಳತೆ ಕೊಟ್ಟಿಲ್ಲ. ಯೆಹೂದ್ಯರ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾ ಹೊಲದ ಅಂಚಿಗೆ ಅರುವತ್ತರಲ್ಲಿ ಒಂದು ಪಾಲಿಗೆ ಕಡಿಮೆಯಾಗಬಾರದು ಎಂದಿತು. ರೂತಳ ಕಥೆಯ ಹೊಲದೊಡೆಯ ಬೋವಜನಂತೂ ಕಟ್ಟಿನಿಂದಲೇ ತೆನೆ ಎಳೆದು ಬೀಳಿಸಿ ಎಂದು ಆಳುಗಳಿಗೆ ಹೇಳಿದ. ಹಕ್ಕಲು ಆಯಲು ಬಂದ ಪರದೇಶಿ ವಿಧವೆ ರೂತಳಿಗೆ ಆ ದಿನ ಒಂದು ಏಫಾ ಜವೆಗೋದಿ, ಹೆಚ್ಚುಕಡಿಮೆ 22 ಲೀಟರು ಸಿಕ್ಕಿತು.

ಕೊಯ್ದ ಕೆಜಿ ಲೆಕ್ಕಕ್ಕೆ ಕೂಲಿ ಕೊಡುವಾಗಿನ ತೂಕದ್ದು ಹೆಚ್ಚು ಹೇಳಬೇಕಿಲ್ಲ. ಮುಳ್ಳು ಸೊನ್ನೆಯಲ್ಲಿದೆಯೇ ಎಂದು ದಿನವೂ ಕೊಯ್ಯುವವರ ಎದುರೇ ತೋರಿಸಿ. ಖಾಲಿ ಚೀಲ ತೂಗಿ ಅಷ್ಟನ್ನೇ ಕಳೆಯಿರಿ. ‘ಎಲೆ, ನೀರು’ ಎಂದು ಮೂಟೆಗೆ ಒಂದು ಕೆಜಿ ಅಂದಾಜಿನಲ್ಲಿ ಮುರಿದುಕೊಳ್ಳುವುದು ಮೋಸದ ತೂಕವೇ. 28 ಓಟಿ (ಔಟ್‌ಟರ್ನ್, ಅಂದರೆ 50 ಕೆಜಿ ಮೂಟೆಗೆ ಸಿಗುವ ಬೀಜದ ಕೆಜಿ) ಬರುವ ಚೆರ್ರಿಯನ್ನು ವ್ಯಾಪಾರಿ 26 ಅಂದರೆ, 50 ಕೆಜಿ ಮೂಟೆಗೆ ಎರಡು ಕೆಜಿ ಬೀಜ ಹೋಯಿತೆಂದು ಕೂಗಾಡುವವರೇ ಇದನ್ನು ಮಾಡುತ್ತಾರೆ.

ಕೂಲಿಯ ಬಗ್ಗೆ ‘ಹೊತ್ತು ಮುಳುಗುವ ಮುಂಚೆ’ ಎಂದಿದೆ (ಧರ್ಮೋಪದೇಶಕಾಂಡ 24:15). ವಾರದ ಬಟವಾಡೆ ಎಂದು ಮೊದಲೇ ಒಪ್ಪಿಕೊಂಡಿದ್ದರೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಆದರೆ ದಿನದ ಲೆಕ್ಕಕ್ಕೆ ಬಂದವರಿಗೆ ಆ ಸಂಜೆಯೇ ಕೊಡಬೇಕು. ಓಡಿಹೋಗದಿರಲಿ ಎಂದು ಒಂದು ವಾರದ ಹಣ ಹಿಡಿದಿಡುವ ಪದ್ಧತಿಗಂತೂ ಯಾವ ವಚನದ ಆಸರೆಯೂ ಇಲ್ಲ. ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ಕೂಗುತ್ತದೆ ಎನ್ನುತ್ತಾನೆ ತನ್ನ ಪತ್ರಿಕೆಯಲ್ಲಿ ಯಾಕೋಬ (5:4).

ಇಷ್ಟೆಲ್ಲ ಕಡಿತ ಮಾಡಿ ಸುಗ್ಗಿ ಹಬ್ಬಕ್ಕೆ ಒಳ್ಳೆಯ ಮೂಟೆ ತಂದರೆ ಅದು ಸೌಲನ ಲೆಕ್ಕ. ಎಲ್ಲವನ್ನೂ ನಾಶಮಾಡು ಎಂಬ ದೇವರ ಮಾತಿನಂತೆ ಅಮಾಲೇಕ್ಯರ ಮೇಲೆ ಹೋದ ಆ ಅರಸ ಹೇಳಿದ್ದರಲ್ಲಿ ಬಹುಪಾಲು ಮಾಡಿದ್ದ. ಕೊಬ್ಬಿದ ಕುರಿ, ದನ ಉಳಿಸಿಕೊಂಡೂ ದೇವರ ಮಾತು ನಡೆಸಿದೆ ಅಂದ. ಹಾಗಾದರೆ ಕುರಿಗಳ ಕೂಗು ಕೇಳಿಸುತ್ತಿದೆಯಲ್ಲ ಎಂದು ಪ್ರವಾದಿ ಸಮುವೇಲ ಕೇಳಿದ ಮೇಲೆ ‘ಯಜ್ಞಕ್ಕೆಂದು ತಂದರು’ ಅಂದ (1 ಸಮುವೇಲ 15).

ಈಗಾಗಲೇ ಹಿಡಿದಿರುವ ಹಣಕ್ಕೂ ಕ್ರಮವಿದೆ: ಅಸಲಿನ ಜೊತೆ ಐದನೆಯ ಒಂದು ಪಾಲು ಸೇರಿಸಿ, ಕಳಕೊಂಡವನಿಗೇ ಕೊಡಬೇಕು (ಯಾಜಕಕಾಂಡ 6:5). 500 ಹಿಡಿದಿದ್ದರೆ 600. ಕೆಲಸದವರು ಊರಿಗೆ ಹೋಗಿಬಿಟ್ಟರು ಎಂದು ಆ ಹಣವನ್ನು ಕಾಣಿಕೆ ಪೆಟ್ಟಿಗೆಗೆ ಹಾಕುವಂತಿಲ್ಲ. ಅವನೂ ಇಲ್ಲ, ತೆಗೆದುಕೊಳ್ಳುವ ಸಮೀಪ ಬಂಧುವೂ ಇಲ್ಲ ಎಂದಾಗ ಮಾತ್ರ ಅದು ಯಾಜಕನಿಗೆ ಸೇರುತ್ತದೆ (ಅರಣ್ಯಕಾಂಡ 5:8). ಮೇಸ್ತ್ರಿಯ ಹತ್ತಿರ ಎಲ್ಲರ ನಂಬರೂ ಇರುತ್ತದೆ, ಫೋನ್‌ಪೇ ಅಸ್ಸಾಮಿಗೂ ಹೋಗುತ್ತದೆ.