ಅತಿಭಾರ ಧಾತುಗಳ ಲೆಕ್ಕ: ಒಗನೆಸಾನ್ ಸರಿಹೋಯಿತು, ಮಾಸ್ಕೋವಿಯಂ ಹಟ ಹಿಡಿದಿದೆ

ಲ್ಯಾಬಿನಲ್ಲಿ ಮಾತ್ರ ತಯಾರಾಗಿ ಬೇಗ ಒಡೆದುಹೋಗುವ ಒಗನೆಸಾನ್, ಮಾಸ್ಕೋವಿಯಂನಂಥ ಅತಿಭಾರ ಧಾತುಗಳಿಗಾಗಿ ಬರೆದ ಪೈಥಾನ್ ಪ್ರೋಗ್ರಾಂ ಕೊನೆಗೂ ಓಡುತ್ತಿದೆ. ನ್ಯೂಕ್ಲಿಯಸ್ ಉಗುಳುವ ಆಲ್ಫಾ ಕಣದ (ಎರಡು ಪ್ರೋಟಾನ್, ಎರಡು ನ್ಯೂಟ್ರಾನ್‌ಗಳ ಗಂಟು) ಶಕ್ತಿ ಕೊಟ್ಟರೆ, ಆ ನ್ಯೂಕ್ಲಿಯಸ್ಸಿನ ಅರ್ಧಾಯುಷ್ಯ, ಅಂದರೆ ಅಂಥವುಗಳಲ್ಲಿ ಅರ್ಧದಷ್ಟು ಒಡೆಯಲು ಹಿಡಿಯುವ ಸಮಯ, ಎಷ್ಟಿರಬೇಕು ಅಂತ ಹೇಳುತ್ತದೆ. ಅದನ್ನು ಪ್ರಯೋಗದಲ್ಲಿ ಸಿಕ್ಕ ಅಂಕಿಯ ಪಕ್ಕ ಇಟ್ಟು ನೋಡುವುದು, ಅಷ್ಟೇ ಕೆಲಸ. ಧಾತು ತಯಾರಿಸಲು ರಷ್ಯಾದ ಪರಮಾಣು ಸಂಶೋಧನಾ ಕೇಂದ್ರವಿರುವ ದುಬ್ನಾದಂಥ ಜಾಗವೇ ಬೇಕು. ಲೆಕ್ಕಕ್ಕೆ ಮುಂಬೈ ಪಕ್ಕದ ಡೊಂಬಿವಲಿಯ ಫ್ಲಾಟ್ ಸಾಕು.

ಶಕ್ತಿಗೂ ಆಯುಷ್ಯಕ್ಕೂ ನಂಟಿದೆ ಎಂದು ವಿಜ್ಞಾನಿಗಳಾದ ಗೈಗರ್ ಮತ್ತು ನಟಾಲ್ 1911ರಲ್ಲೇ ಕಂಡುಕೊಂಡಿದ್ದರು. ಕಾರಣ ಗೊತ್ತಾದದ್ದು 1928ರಲ್ಲಿ, ಭೌತವಿಜ್ಞಾನಿ ಗ್ಯಾಮೋ ಮೂಲಕ. ಆಲ್ಫಾ ಕಣ ತನ್ನನ್ನು ನ್ಯೂಕ್ಲಿಯಸ್ಸಿನೊಳಗೆ ಹಿಡಿದಿಡುವ ಶಕ್ತಿಯ ತಡೆಗೋಡೆಯನ್ನು ಹತ್ತಿ ಇಳಿಯುವುದಿಲ್ಲ, ಅದರೊಳಗೇ ತೂರಿ ಬರುತ್ತದೆ. ಶಕ್ತಿ ಚೂರು ಜಾಸ್ತಿಯಾದರೂ ತೂರುವುದು ತುಂಬಾ ಸುಲಭವಾಗುತ್ತದೆ. 10 ಎಂಇವಿ (ನ್ಯೂಕ್ಲಿಯಸ್ ಲೆಕ್ಕದಲ್ಲಿ ಬಳಸುವ ಶಕ್ತಿಯ ಅಳತೆ) ಆಸುಪಾಸಿನಲ್ಲಿ ಬರೀ 0.1 ಎಂಇವಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಾನು ಬಳಸಿದ್ದು ಈ ನಂಟನ್ನೇ ಅಂಕಿಗಳಲ್ಲಿ ಹೇಳುವ ವಯೋಲಾ–ಸೀಬೋರ್ಗ್ ಸೂತ್ರ. ಇದನ್ನು ಮಾಡಿ ನೋಡುವವರಿಗೆ ಒಂದು ಮಾತು: ಡಿಟೆಕ್ಟರ್ ಕೊಡುವುದು ಆಲ್ಫಾದ ಶಕ್ತಿ ಮಾತ್ರ. ಆಲ್ಫಾ ಹೋದಮೇಲೆ ಉಳಿದು, ಹಿಂದಕ್ಕೆ ಒದೆಸಿಕೊಳ್ಳುವ ಮರಿ ನ್ಯೂಕ್ಲಿಯಸ್ಸಿನ ಪಾಲನ್ನೂ ಸೇರಿಸಬೇಕು. ಒಗನೆಸಾನ್-294ಕ್ಕೆ (294 ಅಂದರೆ ಪ್ರೋಟಾನ್, ನ್ಯೂಟ್ರಾನ್ ಸೇರಿ ಒಟ್ಟು ಎಣಿಕೆ) ಸುಮಾರು 11.65 ಎಂಇವಿ ಇರುವುದು ಆಗ 11.81 ಆಗುತ್ತದೆ.

ಮೊದಲು ಆ ಒಗನೆಸಾನ್ ಸರಪಳಿಯನ್ನೇ, ಅಂದರೆ ಒಂದಾದ ಮೇಲೊಂದು ಆಲ್ಫಾ ಉಗುಳಿ ಬೇರೆ ಧಾತುವಾಗುತ್ತ ಇಳಿಯುವ ಸಾಲನ್ನೇ, ಹಾಕಿದೆ. ಲೆಕ್ಕ ಹೇಳಿದ್ದು 0.6 ಮಿಲಿಸೆಕೆಂಡ್, ಅಳತೆ ಸುಮಾರು 0.7. ಖುಷಿಯಾಯಿತು! ಮುಂದಿನ ಲಿವರ್ಮೋರಿಯಂ-290ಕ್ಕೆ ಲೆಕ್ಕದಲ್ಲಿ 15 ಮಿಲಿಸೆಕೆಂಡ್, ಅಳತೆಯಲ್ಲಿ ಸುಮಾರು 8. ಜಗತ್ತಿನಲ್ಲಿ ಇದುವರೆಗೆ ಕಂಡ ಒಗನೆಸಾನ್ ಪರಮಾಣುಗಳೇ ಬೆರಳೆಣಿಕೆಯಷ್ಟು. ಅಳತೆಯೇ ಅತ್ತಿತ್ತ ವಾಲುವಾಗ ಈ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಲಾರೆ. ಆಮೇಲೆ ಫ್ಲೆರೋವಿಯಂ-286, ಅದರಿಂದ ಕೋಪರ್ನಿಸಿಯಂ-282. ಅಲ್ಲಿಗೆ ಆಲ್ಫಾ ಆಟ ಮುಗಿಯಿತು, ನ್ಯೂಕ್ಲಿಯಸ್ ತಾನಾಗಿಯೇ ಎರಡು ಹೋಳಾಗುತ್ತದೆ, ಅಂದರೆ ವಿದಳನ. (ನಮ್ಮ ತುಮಕೂರಿನ ರಾಜಾ ರಾಮಣ್ಣ ಇಲ್ಲೇ ಟ್ರಾಂಬೆಯಲ್ಲಿ ವಿದಳನದ ಮೇಲೆ ಕೆಲಸ ಮಾಡಿದವರು ಅಂತ ಎದುರು ಮನೆಯ ಎಂಎಸ್ಸಿ ಹುಡುಗಿಗೆ ಹೇಳಿದರೆ, "ಗೊತ್ತು ಅಂಕಲ್, ಗ್ರಾಫ್ ತೋರಿಸಿ" ಅಂದಳು.)

ಮಜಾ ಇರುವುದು ಮಾಸ್ಕೋವಿಯಂ-288ರಲ್ಲಿ. ಇದು ನಿಹೋನಿಯಂ, ರಾಂಟ್‌ಜನಿಯಂ, ಮೈಟ್ನೇರಿಯಂ, ಬೋರಿಯಂ ದಾಟಿ ಡುಬ್ನಿಯಂ-268ಕ್ಕೆ ಇಳಿಯುತ್ತದೆ. ಸೂತ್ರ ಇಲ್ಲಿ ಮೊದಲ ಮೆಟ್ಟಿಲಲ್ಲೇ ತಡವರಿಸುತ್ತದೆ. ಮೈಟ್ನೇರಿಯಂ-276ಕ್ಕೆ ಬರುವಷ್ಟರಲ್ಲಿ, 10 ಎಂಇವಿ ಇಟ್ಟುಕೊಂಡರೆ, ಅಳತೆಯ ಆಯುಷ್ಯ ಲೆಕ್ಕಕ್ಕಿಂತ ಹತ್ತು ಪಟ್ಟಿನ ಆಚೀಚೆ ಉದ್ದ. ಪ್ರೋಟಾನ್, ನ್ಯೂಟ್ರಾನ್ ಬೆಸ ಸಂಖ್ಯೆಯಲ್ಲಿದ್ದರೆ ಸೂತ್ರಕ್ಕೆ ಸೇರಿಸಲು ತಿದ್ದುಪಡಿಯ ಅಂಕಿಯೊಂದಿದೆ ನಿಜ. ಆದರೆ ಅದನ್ನು ಸುಮ್ನೆ ಸೇರಿಸಿಬಿಟ್ಟರೆ ನೋಡಬೇಕಾದದ್ದೇ ಮುಚ್ಚಿಹೋಗುತ್ತದೆ.

ಒಗನೆಸಾನ್-294ರಲ್ಲಿ ಪ್ರೋಟಾನ್, ನ್ಯೂಟ್ರಾನ್ ಎರಡೂ ಜೋಡಿ ಜೋಡಿ. ಮಾಸ್ಕೋವಿಯಂ-288ರಲ್ಲಿ ಎರಡರಲ್ಲೂ ಒಂದೊಂದು ಒಂಟಿ. ಕಲ್ಯಾಣ್ ಲೋಕಲ್‌ನಲ್ಲಿ ಕಿಟಕಿ ಸೀಟು ಹಿಡಿದವರ ಹಾಗೆ, ಈ ಒಂಟಿಗಳು ಕೂತ ಕಕ್ಷೆ ಬಿಟ್ಟು ಏಳಲು ಒಪ್ಪುವುದಿಲ್ಲ. ಮರಿ ನ್ಯೂಕ್ಲಿಯಸ್ಸಿನಲ್ಲಿ ಅದೇ ಕಕ್ಷೆ ಮೇಲಿನ ಮಟ್ಟದಲ್ಲಿದ್ದರೆ, ಆಲ್ಫಾ ಕಡಿಮೆ ಶಕ್ತಿಯಲ್ಲಿ ಹೊರಟು, ಉಳಿದದ್ದು ಗಾಮಾ ಆಗಿ ಹೋಗುತ್ತದೆ. ಅಂದರೆ ಗ್ರಾಫಿನಲ್ಲಿ ಸೂತ್ರದ ಗೆರೆ ಬಿಟ್ಟು ದೂರ ಬಿದ್ದ ಚುಕ್ಕೆಯೇ ಒಳಗಿನ ರಚನೆಯ ಸುಳಿವು. ಆಲ್ಫಾ ಒಂದನ್ನೇ ನಂಬಿ ಕೂರುವಂತಿಲ್ಲ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ತಂಡ 2012ರಲ್ಲಿ ಜರ್ಮನಿಯ ಸಂಶೋಧನಾ ಕೇಂದ್ರ ಜಿಎಸ್‌ಐನಲ್ಲಿ ಸಿಲಿಕಾನ್ ಡಿಟೆಕ್ಟರುಗಳ ಸುತ್ತ ಜರ್ಮೇನಿಯಂ ಡಿಟೆಕ್ಟರುಗಳನ್ನಿಟ್ಟು, 115ನೇ ಧಾತುವಾದ ಮಾಸ್ಕೋವಿಯಂನ ಸುಮಾರು 30 ಸರಪಳಿಗಳಲ್ಲಿ ಆಲ್ಫಾ ಜೊತೆಗೇ ಬರುವ, ಗಾಮಾದಂಥ ಬೆಳಕಿನ ಕಣಗಳಾದ ಫೋಟಾನ್‌ಗಳನ್ನು ಹಿಡಿದದ್ದು ಇದಕ್ಕೇ.

ಇದೇ ದಾರಿಯಲ್ಲಿ 2021ರಲ್ಲಿ ಫ್ಲೆರೋವಿಯಂ ಸರಪಳಿಯನ್ನೂ ನೋಡಿದರು. ಕೋಪರ್ನಿಸಿಯಂ-282ರಲ್ಲಿ ಒಂದು ಉದ್ರಿಕ್ತ ಮಟ್ಟ (ಸಾಮಾನ್ಯ ಸ್ಥಿತಿಗಿಂತ ಹೆಚ್ಚು ಶಕ್ತಿಯ ಸ್ಥಿತಿ) ಸಿಕ್ಕಿತು. ಫ್ಲೆರೋವಿಯಂನ ಪ್ರೋಟಾನ್ ಎಣಿಕೆಯಾದ 114 ಗಟ್ಟಿ ಮಾಂತ್ರಿಕ ಸಂಖ್ಯೆ (ನ್ಯೂಕ್ಲಿಯಸ್ಸನ್ನು ಹೆಚ್ಚು ಭದ್ರವಾಗಿಡುವ ಎಣಿಕೆ) ಎಂಬ ಹಳೇ ನಿರೀಕ್ಷೆಗೆ ಅದು ಬೆಂಬಲ ಕೊಡಲಿಲ್ಲ. ನ್ಯೂಟ್ರಾನ್‌ಗಳ ಕಡೆ ಮಾಂತ್ರಿಕ ಎಂದು ನಿರೀಕ್ಷಿಸಿರುವ 184 ಇನ್ನೂ ದೂರ. ಇದುವರೆಗೆ ಮುಟ್ಟಿದ್ದು 177. ಹಾಗಾಗಿ "ಸ್ಥಿರತೆಯ ದ್ವೀಪ (ಅತಿಭಾರ ಧಾತುಗಳು ಹೆಚ್ಚು ಕಾಲ ಬಾಳಬಹುದಾದ ವಲಯ) ಸಿಕ್ಕೇಬಿಟ್ಟಿತು" ಎಂಬ ಸುದ್ದಿಗಳನ್ನು ನಾನು ಓದುವುದೇ ಬಿಟ್ಟಿದ್ದೇನೆ.

ಮುಂದೆ ಲಿವರ್ಮೋರಿಯಂ-292, ಫ್ಲೆರೋವಿಯಂ-288 ಸೇರಿಸಬೇಕು. ಎರಡೂ ಸಮಸಂಖ್ಯೆಯವು, ಗೆರೆಯ ಮೇಲೇ ಕೂರಬೇಕು. ಆಮೇಲೆ ಮಾಸ್ಕೋವಿಯಂ ಸಾಲಿನಲ್ಲಿ ಪ್ರತಿ ಮೆಟ್ಟಿಲಿಗೂ ಒಂದೇ ಶಕ್ತಿಯ ಬದಲು, ಅಳತೆಯಲ್ಲಿ ಹರಡಿರುವ ಅಷ್ಟೂ ಶಕ್ತಿಗಳನ್ನು ಕೊಟ್ಟು ಚುಕ್ಕೆಗಳು ಎಲ್ಲಿ ಬೀಳುತ್ತವೆ ನೋಡುತ್ತೇನೆ. ಗ್ರಾಫಿನ ಬಣ್ಣಗಳನ್ನು ಬದಲಿಸುವ ಕೆಲಸವನ್ನು ಎದುರು ಮನೆಯವಳೇ ಕೇಳಿ ತಗೊಂಡಿದ್ದಾಳೆ.