ಮಿರ್ಚಿ ಕಟ್ಟಿಕೊಟ್ಟ ಹಾಳೆ

ಗಂಗಾವತಿಯಲ್ಲಿ ಸಂಜೆಯಾದರೆ ಒಗ್ಗರಣಿ-ಮಿರ್ಚಿ ಬೇಕೇ ಬೇಕು. ಅವತ್ತೂ ಲ್ಯಾಬ್ ಬಾಗಿಲು ಹಾಕಿ ಬಂಡಿ ಹತ್ತಿರ ನಿಂತಿದ್ದೆ. ಎರಡು ಮಿರ್ಚಿ ತಿಂದು ಹಾಳೆ ತಿರುಗಿಸಿದರೆ ಕೆಳಗೆ ನನ್ನದೇ ಸಹಿ.

ನಮ್ಮದೇ ಹಳೇ ರಿಪೋರ್ಟ್. ಹಾಳೆ ಎಣ್ಣೆ ಕುಡಿದಿತ್ತು. ಆದರೂ ಹೆಸರು, ಗಂಡನ ಹೆಸರು, ವಯಸ್ಸು 22, ಕಾರಟಗಿ ಕಡೆಯ ಊರು, ಮೊಬೈಲ್ ನಂಬರ್ ಎಲ್ಲವೂ ಓದಲು ಬರುತ್ತಿತ್ತು. ಬಸುರಿಯರಿಗೆ ಮಾಡುವ ರಕ್ತಪರೀಕ್ಷೆ. ಎಚ್‌ಬಿಎಸ್‌ಎಜಿ ಎದುರಿಗೆ ‘ಪಾಸಿಟಿವ್’. ಅದರಡಿ ಕೆಂಪು ಗೆರೆ ಎಳೆದವನೂ ನಾನೇ.

ಅಂದರೆ ಹೆಪಟೈಟಿಸ್ ಬಿ, ಲಿವರ್‌ಗೆ ತಗಲುವ ವೈರಸ್ ಸೋಂಕು. ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಬರಬಹುದು. ಜೊತೆಗೆ ಕೂತು ಉಂಡರೆ ಬರಲ್ಲ. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಮೊದಲ ಲಸಿಕೆ ಹಾಕಿಸಬೇಕು. ಇದನ್ನೆಲ್ಲ ಡಾಕ್ಟರು ಅವಳಿಗೆ ಹೇಳಿರುತ್ತಾರೆ. ಊರಿಗೆ ಯಾರು ಹೇಳುತ್ತಾರೆ? ಈ ಬಂಡಿಗೆ ಕಾರಟಗಿ ಕಡೆಯವರು ದಿನಾ ಬರುತ್ತಾರೆ. ಅವರ ಕೈಗೆ ಈ ಹಾಳೆ ಸಿಕ್ಕಿದ್ದರೆ ಮರುದಿನವೇ ಅವಳ ತಟ್ಟೆ, ಲೋಟ ಬೇರೆ ಆಗುತ್ತಿತ್ತು.

“ಅಕ್ಕಾ, ಈ ಹಾಳಿ ಎಲ್ಲಿಂದ ತಂದ್ರಿ?”

“ರದ್ದಿ ಅಂಗಡ್ಯಾಗ್ರಿ ಸರ. ದಪ್ಪ ಅದಾವು, ಎಣ್ಣಿ ಹಿಡೀತಾವು.”

“ಬೆಳಗಿಂದ ಎಷ್ಟು ಹೋದವು?”

“ಯಾರು ಎಣಿಸ್ಯಾರ್ರಿ?”

ಪಕ್ಕದಲ್ಲಿ ಇನ್ನೊಂದು ಕಟ್ಟು ಇತ್ತು. ದುಡ್ಡು ಕೊಟ್ಟು ಅದನ್ನು ಎತ್ತಿಕೊಂಡೆ. 43 ಹಾಳೆ, 43 ಮನೆ. ಬದಲಿಗೆ ಹಳೇ ಪೇಪರ್ ತಂದುಕೊಟ್ಟೆ.

ದೀಪಾವಳಿಗೆ ಮುಂಚೆ ಜಾಗ ಆಗಲಿ ಅಂತ ಗೋಣಿಚೀಲಕ್ಕೆ ತುಂಬಿ ಕೊಟ್ಟಿದ್ದು ನಾವೇ. ಚೀಲದ ಬಾಯಿ ಕಟ್ಟಿದ್ದು ನಾನು. ಎಚ್‌ಐವಿ ರಿಪೋರ್ಟ್‌ಗಳನ್ನು ಮಾತ್ರ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆವು. 2017ರ ಎಚ್‌ಐವಿ ಕಾಯ್ದೆ ಇದೆ, ರೋಗಿಯ ಒಪ್ಪಿಗೆ ಇಲ್ಲದೆ ಹೊರಗೆ ಹೇಳುವ ಹಾಗಿಲ್ಲ ಅಂತ ಗೊತ್ತಿತ್ತು. ಉಳಿದ ಹಾಳೆಗಳಲ್ಲೂ ಯಾರದೋ ಸಂಸಾರ ಇರುತ್ತದೆ ಅಲ್ವಾ? ಆಗ ಹೊಳೆಯಲೇ ಇಲ್ಲ.

ಮರುದಿನ ಮಾಲೀಕರ ಮೇಜಿನ ಮೇಲೆ ಆ ಎಣ್ಣೆ ಹಾಳೆ ಇಟ್ಟೆ. ಓದಿದರು, ಮಾತಾಡಲಿಲ್ಲ. ಇಬ್ಬರೂ ರದ್ದಿ ಅಂಗಡಿಗೆ ಹೋಗಿ ಉಳಿದ ಎರಡು ಚೀಲ ವಾಪಸ್ ತಂದೆವು. ಈಗ ಕಾಗದ ಚೂರು ಮಾಡುವ ಮಷಿನ್ ಇದೆ.

ಆ ನಂಬರಿಗೆ ಫೋನ್ ಮಾಡಿ ತಪ್ಪಾಯ್ತು ತಂಗಿ ಅನ್ನಬೇಕು ಅಂತ ತುಂಬಾ ಸಲ ಅನ್ನಿಸಿದೆ. ಆದರೆ ಅದು ಗಂಡನ ನಂಬರೋ ಏನೋ. ಅತ್ತೆ ಎತ್ತಿದರೆ ಯಾರು, ಯಾಕೆ ಅಂತ ಕೇಳುತ್ತಾರೆ. ಅವಳು ಮನೆಯಲ್ಲಿ ಹೇಳಿದ್ದಾಳೋ ಇಲ್ಲವೋ. ನಾನು ಫೋನ್ ಮಾಡಲಿಲ್ಲ.