ಪರೀಕ್ಷೆಗೆ ಬರಲ್ಲ, ಕೂತ್ಕೋ

ಹೋದ ಮಂಗಳವಾರ ಸಂಜೆ ಐದು ಗಂಟೆ. ಹತ್ತನೇ ತರಗತಿಗೆ ಸ್ಪೆಷಲ್ ಕ್ಲಾಸ್ ನಡೆಯುತ್ತಿತ್ತು. ಸಸ್ಯಗಳಲ್ಲಿ ಸಾಗಾಣಿಕೆಯನ್ನು ಬೋರ್ಡಿನ ಮೇಲೆ ಬರೆದಿದ್ದೆ. ಕ್ಸೈಲಂ ನೀರು ಒಯ್ಯುತ್ತದೆ, ಫ್ಲೋಯಂ ಆಹಾರ ಒಯ್ಯುತ್ತದೆ, ಎಲೆಯಿಂದ ನೀರು ಆವಿಯಾಗುವಾಗ ಸೆಳೆತ ಉಂಟಾಗಿ ಬೇರಿನ ನೀರು ಮೇಲಕ್ಕೆ ಏರುತ್ತದೆ. ಮೂರು ಅಂಕದ ಉತ್ತರ. ಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು.

“ಮೇಡಂ, ನಮ್ಮಪ್ಪ ಹೇಳ್ತಾರೆ, ಮೋಟರು ಇಪ್ಪತ್ತೈದು ಅಡಿಗಿಂತ ಜಾಸ್ತಿ ನೀರು ಎಳೆಯಲ್ಲ ಅಂತ. ನಮ್ಮ ತೋಟದ ಲೈನ್ ಮನೆ ಹಿಂದೆ ಇರೋ ಸಿಲ್ವರ್ ಓಕ್ ಮರ ಎಂಬತ್ತು ಅಡಿ ಐತೆ. ಅದು ಹೆಂಗೆ ಎಳೆಯುತ್ತೆ?”

ನಾನು ಗಡಿಯಾರ ನೋಡಿದೆ. ಬಸ್ಸಿಗೆ ಅರ್ಧ ಗಂಟೆ ಇತ್ತು. ಇನ್ನೂ ಎರಡು ಚಿತ್ರ ಬರೆಸಬೇಕಿತ್ತು.

“ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ” ಅಂದೆ.

“ಹ್ಞೂಂ ಮೇಡಂ” ಅಂದು ಕೂತಳು. ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. ಪೆನ್ನು ತೆಗೆದುಕೊಂಡು, ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದಲೇ ಮತ್ತೆ ಬರೆಯತೊಡಗಿದಳು. ಅವಳ ಬೆರಳ ತುದಿಗಳೆಲ್ಲ ಕಪ್ಪಾಗಿದ್ದವು. ಭಾನುವಾರ ಮೆಣಸು ಬಿಡಿಸಿದ ಕೈ. ಈ ತಿಂಗಳಲ್ಲಿ ನಮ್ಮ ಅರ್ಧ ತರಗತಿಯ ಮಕ್ಕಳ ಬೆರಳು ಹೀಗೇ ಇರುತ್ತವೆ.

ಸಕಲೇಶಪುರದಿಂದ ಹಾಸನಕ್ಕೆ 40 ಕಿಲೋಮೀಟರು. ದಿನಾ ಓಡಾಡುವ ದಾರಿ. ಅವತ್ತು ಕಿಟಕಿಯ ಪಕ್ಕ ಕೂತವಳಿಗೆ ಬರೀ ಸಿಲ್ವರ್ ಮರಗಳೇ ಕಂಡವು. ಮೈತುಂಬಾ ಮೆಣಸಿನ ಬಳ್ಳಿ ಹಬ್ಬಿಸಿಕೊಂಡು ನೆಟ್ಟಗೆ ನಿಂತ ಮರಗಳು. ಬಾಳ್ಳುಪೇಟೆ ದಾಟುವವರೆಗೂ ಅವನ್ನೇ ನೋಡಿದೆ. ಒಂದೊಂದು ಮರದ ತುದಿಯಲ್ಲೂ ಹಸಿರೆಲೆ. ಅಷ್ಟು ಮೇಲಕ್ಕೆ ನೀರು ಹೇಗೆ ಹೋಯಿತು? ಅವಳು ಕೇಳಿದ್ದು ಇಷ್ಟೇ ಅಲ್ವಾ?

ನಿಜ ಹೇಳಬೇಕೆಂದರೆ, ಬಸ್ಸಿನ ಅವಸರ ನೆಪ. ನನಗೆ ಉತ್ತರ ಗೊತ್ತಿರಲಿಲ್ಲ. ಡಿಗ್ರಿಯಲ್ಲಿ ಸಸ್ಯಶಾಸ್ತ್ರ ಓದಿದವಳು ನಾನು. ಮರದಲ್ಲಿ ನೀರು ಏರುವುದಕ್ಕೆ ಡಿಕ್ಸನ್ ಮತ್ತು ಜಾಲಿ ಸಿದ್ಧಾಂತ ಅಂತ ಹತ್ತು ಅಂಕಕ್ಕೆ ಬರೆದು ಪಾಸಾದೆ. ಅದನ್ನು ಬಾವಿಯ ಮೋಟರಿನ ಪಕ್ಕ ಇಟ್ಟು ಒಂದು ದಿನವೂ ಯೋಚಿಸಿರಲಿಲ್ಲ. ಮೋಟರು ಭೌತಶಾಸ್ತ್ರ, ಮರ ಜೀವಶಾಸ್ತ್ರ. ಎರಡೂ ನನ್ನ ತಲೆಯಲ್ಲಿ ಬೇರೆ ಬೇರೆ ನೋಟ್‌ಬುಕ್ಕಿನಲ್ಲಿದ್ದವು. ಆ ಹುಡುಗಿಯ ತಲೆಯಲ್ಲಿ ಒಂದೇ ನೋಟ್‌ಬುಕ್ಕು.

ನಾನು ಸಿಬಿಝಡ್ ಶಿಕ್ಷಕಿ. ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿ ಬಂದವಳು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಬಂದ ಪಿಸಿಎಂ ಮೇಷ್ಟ್ರಿಗೆ ಗಣಿತ ಮಾಡಿದರೇ ಸಾಕು ಅನ್ನುವಷ್ಟು ಹೊರೆ ಇರುತ್ತದೆ. ಹಾಗಾಗಿ ವಿಜ್ಞಾನ ಪೂರ್ತಿ ನನ್ನ ಪಾಲಿಗೆ. ಬೆಳಕು, ವಿದ್ಯುಚ್ಛಕ್ತಿ, ಕಾಂತೀಯ ಪರಿಣಾಮ ಎಲ್ಲವನ್ನೂ ನಾನೇ ಮಾಡುತ್ತೇನೆ. ಹದಿನಾಲ್ಕು ವರ್ಷವಾಯಿತು. ಲೆಕ್ಕ ಬಿಡಿಸಿ ತೋರಿಸುತ್ತೇನೆ, ಕಿರಣಚಿತ್ರ ಬರೆಸುತ್ತೇನೆ. ಆದರೆ ಜೀವಕೋಶದ ಪಾಠ ಮಾಡುವಾಗ ಬರುವ ಧೈರ್ಯ ಓಮನ ನಿಯಮ ಮಾಡುವಾಗ ಬರುವುದಿಲ್ಲ. ಮಕ್ಕಳು ಪ್ರಶ್ನೆ ಕೇಳಿಬಿಟ್ಟಾರು ಅನ್ನುವ ಭಯ ಒಳಗೆಲ್ಲೋ ಇರುತ್ತದೆ. ಈ ಭಯವನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಬುಧವಾರ ಊಟದ ಬಿಡುವಿನಲ್ಲಿ ಗಣಿತದ ಮೇಷ್ಟ್ರನ್ನು ಕೇಳಿದೆ. ಒಳ್ಳೆಯ ಮನುಷ್ಯ. ಕೇಳಿದರೆ ಬೇಸರ ಮಾಡಿಕೊಳ್ಳುವುದಿಲ್ಲ. ಟಿಫನ್ ಬಾಕ್ಸಿನ ಮುಚ್ಚಳದ ಮೇಲೆ ಬೆರಳಲ್ಲೇ ಗೆರೆ ಎಳೆದು ತೋರಿಸಿದರು.

“ಮೋಟರು ಎಳೆಯುತ್ತೆ ಅಂತೀವಿ, ಅದು ಎಳೆಯಲ್ಲ ಮೇಡಂ. ಪೈಪಿನೊಳಗಿನ ಗಾಳಿ ತೆಗೆಯುತ್ತೆ ಅಷ್ಟೇ. ಹೊರಗಿನ ಗಾಳಿ ನೀರನ್ನ ಒಳಗೆ ತಳ್ಳುತ್ತೆ. ಗಾಳಿಗೆ ಎಷ್ಟು ಶಕ್ತಿ ಇದೆಯೋ ಅಷ್ಟೇ ಎತ್ತರ.”

“ಹಾಗಾದ್ರೆ ಮರ?”

“ಮರ ನಿಮ್ಮ ಸಬ್ಜೆಕ್ಟು” ಅಂದು ನಕ್ಕರು.

ಆ ರಾತ್ರಿ ಮಗನ ರಫ್ ಪುಸ್ತಕ ತೆಗೆದುಕೊಂಡು ಕೂತೆ. ಈ ಪ್ರಶ್ನೆ ಹಳೆಯದು. ಪಂಪು ಮೂವತ್ತು ಚಿಲ್ಲರೆ ಅಡಿಗಿಂತ ಮೇಲಕ್ಕೆ ನೀರು ಎತ್ತದು ಅನ್ನುವುದು ಇಟಲಿಯ ಕೆಲಸಗಾರರಿಗೆ ಗೊತ್ತಿತ್ತು. ಯಾಕೆ ಅನ್ನುವುದು ಗೊತ್ತಿರಲಿಲ್ಲ. ಗೆಲಿಲಿಯೋ ಕೂಡ ಇದರ ಬಗ್ಗೆ ತಲೆ ಕೆಡಿಸಿಕೊಂಡಿದ್ದ. 1643ರಲ್ಲಿ ಟಾರಿಸೆಲ್ಲಿ ನೀರಿನ ಬದಲು ಪಾದರಸದ ಕೊಳವೆಯಲ್ಲಿ ಅದನ್ನು ತೋರಿಸಿದ. ಪಾದರಸ 76 ಸೆಂಟಿಮೀಟರಿಗೆ ನಿಂತಿತು. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಗುಣಿಸಿದೆ. 1033 ಸೆಂಟಿಮೀಟರು. ಹತ್ತು ಮೀಟರಿಗೆ ಸ್ವಲ್ಪ ಜಾಸ್ತಿ, 34 ಅಡಿ. ಇದು ಸಮುದ್ರದ ಮಟ್ಟದ ಲೆಕ್ಕ. ನಾವಿರುವುದು ಘಟ್ಟದ ಮೇಲೆ, ಸುಮಾರು 950 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿ ತೆಳು. ಹಾಗಾಗಿ 34 ಅಡಿ ಸಕಲೇಶಪುರದಲ್ಲಿ 30ಕ್ಕೆ ಇಳಿಯುತ್ತದೆ. ಪೈಪಿನೊಳಗಿನ ಘರ್ಷಣೆ, ಜಾಯಿಂಟಿನ ಸಣ್ಣಪುಟ್ಟ ಸೋರಿಕೆ ಎಲ್ಲ ಕಳೆದರೆ ಅವಳ ಅಪ್ಪ ಹೇಳಿದ 25 ಅಡಿ. ಆ ಮನುಷ್ಯ ಯಾವ ಪುಸ್ತಕವನ್ನೂ ತೆರೆಯದೆ ಸರಿಯಾದ ಉತ್ತರ ಹೇಳಿದ್ದ. ನಾನು ಆ ಉತ್ತರ ಹಿಡಿದುಕೊಂಡು ಬಂದ ಅವನ ಮಗಳನ್ನು ಕೂರಿಸಿದ್ದೆ.

ಡಿಕ್ಸನ್, ಜಾಲಿ ಕಡೆಗೂ ಮತ್ತೆ ಹೋದೆ. ಇಬ್ಬರೂ ಡಬ್ಲಿನ್ನಿನಲ್ಲಿ ಕೆಲಸ ಮಾಡಿದವರು. 1894ರಲ್ಲಿ ಅವರು ಹೇಳಿದ್ದು ಇಷ್ಟು. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಎಲೆಯ ಸಣ್ಣ ರಂಧ್ರದಿಂದ ಒಂದು ಕಣ ಆವಿಯಾಗಿ ಹೋದಾಗ ಅದರ ಹಿಂದಿನದು ಮುಂದಕ್ಕೆ ಬರುತ್ತದೆ. ಅದರ ಹಿಂದೆ ಇನ್ನೊಂದು. ಬೇರಿನವರೆಗೂ ಒಂದೇ ಹಗ್ಗ. ಕೊಳವೆ ಕೂದಲಿನಷ್ಟು ಸಣ್ಣದು, ಅದರ ಗೋಡೆಗೂ ನೀರು ಅಂಟಿಕೊಂಡಿರುತ್ತದೆ, ಆದ್ದರಿಂದ ಹಗ್ಗ ಸುಲಭಕ್ಕೆ ಹರಿಯುವುದಿಲ್ಲ. ಎಂಬತ್ತು ಅಡಿಗೆ ನೀರೆತ್ತಲು ಸುಮಾರು ಎರಡೂವರೆ ವಾಯುಮಂಡಲದ ಒತ್ತಡದಷ್ಟು ಸೆಳೆತ ಬೇಕು. ನೀರಿನ ಹಗ್ಗ ಅದಕ್ಕಿಂತ ಎಷ್ಟೋ ಪಟ್ಟು ತಡೆದುಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳಲ್ಲಿ ಇದೇ ಹಗ್ಗ 115 ಮೀಟರ್ ಏರುತ್ತದೆ.

ಅಂದರೆ ಎಳೆಯುತ್ತದೆ ಅಂತ ನಾವು ಹೇಳುವ ಮೋಟರು ಎಳೆಯುವುದಿಲ್ಲ. ಸುಮ್ನೆ ನಿಂತಿದೆ ಅಂದುಕೊಳ್ಳುವ ಮರ ನಿಜವಾಗಿ ಎಳೆಯುತ್ತದೆ. ರಾತ್ರಿ ಹನ್ನೊಂದು ಗಂಟೆಯಲ್ಲಿ ಇದು ಹೊಳೆದಾಗ ನನಗೆ ಮೈ ಜುಮ್ಮೆಂದಿತು. ಹದಿನಾಲ್ಕು ವರ್ಷ ‘ಸೆಳೆತ’ ಅನ್ನುವ ಪದವನ್ನು ಬೋರ್ಡಿನ ಮೇಲೆ ಬರೆದಿದ್ದೇನೆ. ಅದರ ಅರ್ಥ ತಿಳಿದದ್ದು ಅವತ್ತು.

ಇನ್ನೊಂದು ವಿಷಯವೂ ಮನಸ್ಸಿಗೆ ತಾಗಿತು. ಡಿಕ್ಸನ್ ಸಸ್ಯಶಾಸ್ತ್ರದವರು. ಜಾಲಿ ಎಂಜಿನಿಯರಿಂಗ್ ಓದಿ, ಭೌತಶಾಸ್ತ್ರದಲ್ಲಿ ಕೆಲಸ ಮಾಡಿ, ಆಮೇಲೆ ಭೂವಿಜ್ಞಾನದ ಪ್ರೊಫೆಸರ್ ಆದವರು. ನಮ್ಮ ಸ್ಟಾಫ್ ರೂಮಿನ ಲೆಕ್ಕದಲ್ಲಿ ಒಬ್ಬರು ಸಿಬಿಝಡ್, ಒಬ್ಬರು ಪಿಸಿಎಂ. ನಮ್ಮ ಜಗದೀಶ್ ಚಂದ್ರ ಬೋಸರೂ ಕಲ್ಕತ್ತೆಯಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಲೇ ಗಿಡಗಳ ಕಡೆಗೆ ತಿರುಗಿದವರು. ಕಾಂಡದೊಳಗಿನ ಜೀವಕೋಶಗಳು ಮಿಡಿದು ನೀರನ್ನು ಮೇಲಕ್ಕೆ ದೂಡುತ್ತವೆ ಅಂತ ಅವರು ನಂಬಿದ್ದರು. ಅದು ನಿಲ್ಲಲಿಲ್ಲ. ಅವರಿಗೂ ಮೊದಲೇ, 1890ರ ಸುಮಾರಿಗೆ, ಜರ್ಮನಿಯ ಸ್ಟ್ರಾಸ್‌ಬರ್ಗರ್ ಎತ್ತರದ ಮರವನ್ನು ಬುಡದಲ್ಲಿ ಕಡಿದು ವಿಷದ ದ್ರಾವಣದಲ್ಲಿ ನಿಲ್ಲಿಸಿ ನೋಡಿದ್ದರು. ಜೀವಕೋಶಗಳು ಸತ್ತ ಮೇಲೂ ನೀರು ಏರುತ್ತಲೇ ಇತ್ತು. ಬೋಸರ ಉತ್ತರ ತಪ್ಪಿರಬಹುದು, ಪ್ರಶ್ನೆ ಮಾತ್ರ ಮೂರನೇ ಬೆಂಚಿನ ಹುಡುಗಿಯದ್ದೇ. ಅವರು ಕೇಳುವುದನ್ನು ಬಿಟ್ಟು ಕೂರಲಿಲ್ಲ.

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅವಳ ಜೊತೆ ತೋಟಕ್ಕೆ ಹೋದೆ. ರೊಬಸ್ಟಾ ಕಾಫಿ ಹೂ ಬಿಡಲೆಂದು ನೀರು ಹೊಡೆಯುವ ಸಮಯ. ಕೆರೆಯ ಅಂಚಿನಲ್ಲಿ ಡೀಸೆಲ್ ಎಂಜಿನ್ ಓಡುತ್ತಿತ್ತು. ಅವಳ ಅಪ್ಪ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ನನ್ನನ್ನು ನೋಡಿ ಗಾಬರಿಯಾದರು. ಮೇಷ್ಟರುಗಳು ಮನೆ ಕಡೆ ಬಂದರೆ ಮಗಳು ಏನೋ ತಪ್ಪು ಮಾಡಿದ್ದಾಳೆ ಅಂತಲೇ ಅರ್ಥ. “ಓದ್ತಾ ಇಲ್ವಾ ಮೇಡಂ?” ಅಂದರು. ಮೋಟರಿನ ವಿಷಯ ಕೇಳೋಕೆ ಬಂದೆ ಅಂದಾಗ ನಂಬಲಿಲ್ಲ. ಆಮೇಲೆ ನಂಬಿದರು, ನಂಬಿದ ಮೇಲೆ ಬಿಡಲಿಲ್ಲ.

“ಇಲ್ಲಿ ನೋಡಿ ಮೇಡಂ. ಮೇಲಕ್ಕೆ ನೂರೈವತ್ತು ಅಡಿ ಬೇಕಾದ್ರೂ ತಳ್ಳುತ್ತೆ. ಆ ಗುಡ್ಡದ ಮೇಲೆ ನೀರು ಚಿಮ್ಮೋ ಜೆಟ್ ತಿರುಗ್ತಾ ಇದೆಯಲ್ಲ. ಕೆಳಗಿಂದ ಎತ್ತೋಕೆ ಮಾತ್ರ ಇಪ್ಪತ್ತೈದು. ಅದಕ್ಕೇ ಕೆರೆ ಇಳಿದಂಗೆ ಎಂಜಿನ್ನೂ ಇಳಿಸ್ತೀವಿ.” ಪೈಪಿನ ಕೆಳತುದಿಯ ಫುಟ್‌ವಾಲ್ವ್ ಹೇಗೆ ಕೂರಬೇಕು, ಶುರು ಮಾಡುವ ಮೊದಲು ಪೈಪಿಗೆ ನೀರು ತುಂಬಿಸದಿದ್ದರೆ ಏನಾಗುತ್ತದೆ, ಎಲ್ಲ ಹೇಳಿದರು. ಮಾತಿನ ನಡುವೆಯೇ ಒಂದು ಸಲ ಸುಮ್ಮನಾಗಿ ಕಿವಿಗೊಟ್ಟರು. ನನಗೆ ಏನೂ ಬೇರೆ ಕೇಳಿಸಲಿಲ್ಲ. ಅವರು ಎದ್ದು ಹೋಗಿ ಹೋಸಿನ ಕ್ಲಿಪ್ಪನ್ನು ಅರ್ಧ ಸುತ್ತು ಬಿಗಿ ಮಾಡಿ ಬಂದರು. “ಏರ್ ತಗೊಳ್ತಾ ಇತ್ತು. ಸೌಂಡಲ್ಲೇ ಗೊತ್ತಾಗುತ್ತೆ.”

ಗಾಳಿಯೇ ನೀರನ್ನು ತಳ್ಳುವ ವಿಷಯ ನಾನು ಹೇಳಿದೆ. ಮರದ ನೀರಿನ ಹಗ್ಗದ ವಿಷಯವನ್ನೂ ಹೇಳಿದೆ. ಅಪ್ಪ, ಮಗಳು ಇಬ್ಬರೂ ಒಂದೇ ಥರ ತಲೆ ಓರೆ ಮಾಡಿಕೊಂಡು ಕೇಳಿದರು. ಆಮೇಲೆ ಅಪ್ಪ ಕೇಳಿದರು.

“ಮರ ಏರ್ ತಗೊಂಡ್ರೆ ಏನ್ಮಾಡುತ್ತೆ ಮೇಡಂ?”

ಎಂಥ ಪ್ರಶ್ನೆ! ಇಡೀ ಸಿದ್ಧಾಂತದ ಕಷ್ಟ ಇರುವುದೇ ಅಲ್ಲಿ. ಬಿಗಿಯಾಗಿ ಎಳೆದ ನೀರಿನಲ್ಲಿ ಒಂದು ಗುಳ್ಳೆ ಬಂದರೆ ಆ ಕೊಳವೆ ಕೆಲಸಕ್ಕೆ ಬಾರದು. ಬೇಸಿಗೆಯಲ್ಲಿ, ನೆಲ ಒಣಗಿದಾಗ, ಮರದಲ್ಲಿ ಹೀಗೆ ಆಗುತ್ತಲೇ ಇರುತ್ತದೆ. ಆದರೆ ಮರಕ್ಕೆ ಒಂದೇ ಪೈಪಲ್ಲ, ಸಾವಿರಾರು. ಒಂದರಿಂದ ಇನ್ನೊಂದಕ್ಕೆ ಇರುವ ಕಿಂಡಿಗಳಲ್ಲಿ ತೆಳುವಾದ ಪೊರೆ ಇದೆ. ನೀರು ದಾಟುತ್ತದೆ, ಗುಳ್ಳೆ ಸುಲಭಕ್ಕೆ ದಾಟುವುದಿಲ್ಲ. ನೀರು ಪಕ್ಕದ ಕೊಳವೆ ಹಿಡಿದು ಮುಂದೆ ಹೋಗುತ್ತದೆ. ಆ ಗುಳ್ಳೆ ಬೀಳುವ ಸದ್ದನ್ನೂ ಹಿಡಿದಿದ್ದಾರೆ. 1966ರಲ್ಲಿ ಇಬ್ಬರು ವಿಜ್ಞಾನಿಗಳು ಬಾಡುತ್ತಿರುವ ಹರಳೆಲೆಗೆ ಕಂಪನ ಗ್ರಹಿಸುವ ಸಾಧನ ಜೋಡಿಸಿ, ಒಂದೊಂದಾಗಿ ಟಿಕ್ ಟಿಕ್ ಅನ್ನುವುದನ್ನು ಕೇಳಿಸಿಕೊಂಡಿದ್ದರು.

“ಹರಳು ಗಿಡದಲ್ಲಾ?” ಅಂದರು ಅವಳ ಅಪ್ಪ. ಪಕ್ಕದ ಬೇಲಿಯಲ್ಲೇ ಒಂದು ಹರಳು ಗಿಡ ಇತ್ತು. ಅದರ ಕಡೆ ತಿರುಗಿ ನೋಡಿದರು. ಎಂಜಿನ್ನಿಗೆ ಕಿವಿಗೊಟ್ಟಾಗ ಅವರ ಮುಖ ಹೇಗಿತ್ತೋ ಹಾಗೇ ಇತ್ತು ಆಗಲೂ.

ಇವರ ಮಕ್ಕಳಿಗೆ ನಾವು ವಿಜ್ಞಾನ ಗೊತ್ತಿಲ್ಲ ಅಂತ ತೀರ್ಮಾನ ಮಾಡಿಬಿಟ್ಟಿರುತ್ತೇವೆ. ಸ್ಟಾಫ್ ರೂಮಿನಲ್ಲಿ ದಿನಾ ಕೇಳುವ ಮಾತು, ‘ಲೈನ್ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜ್ ಸಾಕು’. ಅಂದರೆ ತೋಟದ ಕೂಲಿಕಾರರ ಸಾಲುಮನೆಯ ಮಕ್ಕಳಿಗೆ ಪಾಸಾಗುವಷ್ಟು ಉತ್ತರ ಕಲಿಸಿದರೆ ಸಾಕು. ಹೇಳುವವರು ಕೆಟ್ಟವರಲ್ಲ. ಮಕ್ಕಳು ಫೇಲಾಗಬಾರದು ಅನ್ನುವ ಕಾಳಜಿಯಿಂದಲೇ ಹೇಳುತ್ತಾರೆ. ನಮ್ಮ ಮುಖ್ಯ ಶಿಕ್ಷಕರು ಸ್ವಂತ ದುಡ್ಡಿನಲ್ಲಿ ಸಂಜೆ ಮಕ್ಕಳಿಗೆ ಬನ್ನು, ಬಾಳೆಹಣ್ಣು ತರಿಸುತ್ತಾರೆ. ಆದರೂ ಆ ಮಾತು ನನಗೆ ಈಗ ಸಹಿಸಲು ಆಗುತ್ತಿಲ್ಲ. ಈ ಮಕ್ಕಳು ಮಳೆಯನ್ನು ಇಂಚು, ಸೆಂಟಿನಲ್ಲಿ (ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು) ಹೇಳುತ್ತವೆ. ತೋಟದ ಮಳೆಮಾಪಕ ಓದುವುದು ನಮ್ಮ ಆರನೇ ತರಗತಿಯ ಮಗುವಿಗೂ ಬರುತ್ತದೆ. ಕಾಫಿ ಒಣಗಿತೋ ಇಲ್ಲವೋ ಅಂತ ಬೀಜ ಕಚ್ಚಿ ಹೇಳುತ್ತವೆ. ಮಳೆಗಾಲದ ಬೆಳಿಗ್ಗೆ ಕೆಸುವಿನ ಎಲೆಯ ತುದಿಯಿಂದ ಹನಿ ತೊಟ್ಟಿಕ್ಕುವುದನ್ನು ನೋಡಿರುತ್ತವೆ. ಅದು ಇಬ್ಬನಿಯಲ್ಲ, ಬೇರು ಕೆಳಗಿನಿಂದ ತಳ್ಳಿದ ನೀರು ಅಂತ ಹೇಳಬೇಕಾದವಳು ನಾನು. ಹೇಳಿಲ್ಲ. ಅದು ಮೂರು ಅಂಕದ ಉತ್ತರದಲ್ಲಿ ಇರಲಿಲ್ಲ.

ಹದಿನಾಲ್ಕು ವರ್ಷದಲ್ಲಿ ಎಷ್ಟು ಮಕ್ಕಳನ್ನು ಹೀಗೆ ಕೂರಿಸಿದ್ದೇನೋ. ಮುಖಗಳು ನೆನಪಾಗುವುದಿಲ್ಲ. ಒಬ್ಬ ಹುಡುಗ ಮಾತ್ರ ನೆನಪಿದ್ದಾನೆ. ಗಾಜು ಮರಳಿನಿಂದ ಆಗಿದ್ದಾದರೆ ಮರಳಿನಾಚೆ ಯಾಕೆ ಕಾಣಲ್ಲ ಅಂತ ಕೇಳಿದ್ದ. ಈಗ ಅವನು ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಮಾಡುತ್ತಾನಂತೆ. ಆ ಪ್ರಶ್ನೆಗೆ ನಾನು ಉತ್ತರ ಹೇಳಿದ್ದರೆ ಅವನ ಬದುಕು ಬದಲಾಗುತ್ತಿತ್ತು ಅಂತ ಹೇಳುತ್ತಿಲ್ಲ. ಉತ್ತರ ಅವನಿಗೆ ಸಿಗಬೇಕಿತ್ತು, ಅಷ್ಟೇ.

ಸೋಮವಾರ ಸಂಜೆ ಎಲ್ಲವನ್ನೂ ತರಗತಿಯಲ್ಲಿ ಹೇಳಿದೆ. ಇಪ್ಪತ್ತು ನಿಮಿಷ ತಗೊಂಡೆ. ಅವಳನ್ನೇ ಮುಂದೆ ಕರೆದು ಎಂಜಿನ್ನಿನ ಚಿತ್ರ ಬರೆಸಿದೆ. ಫುಟ್‌ವಾಲ್ವ್ ನನಗಿಂತ ಚೆನ್ನಾಗಿ ಬರೆದಳು. ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ, “ಮೇಡಂ, ಇದು ಭೌತಶಾಸ್ತ್ರದ ಭಾಗಕ್ಕೆ ಬರುತ್ತಾ, ಜೀವಶಾಸ್ತ್ರದ ಭಾಗಕ್ಕೆ ಬರುತ್ತಾ?” 80 ಅಂಕದ ಪತ್ರಿಕೆಯಲ್ಲಿ ಎರಡಕ್ಕೂ ಬೇರೆ ಬೇರೆ ಭಾಗ ಇದೆಯಲ್ಲ. ಎರಡಕ್ಕೂ ಸೇರಿದ್ದು ಅಂದೆ. ಎರಡು ಕಡೆಯೂ ಬರೆಯಬೇಕಾ ಅಂದ. ಅವನು ತಮಾಷೆ ಮಾಡುತ್ತಿರಲಿಲ್ಲ.

ತರಗತಿ ಮುಗಿದ ಮೇಲೆ ಅವಳನ್ನು ವರಾಂಡದಲ್ಲಿ ನಿಲ್ಲಿಸಿಕೊಂಡೆ.

“ಮೊನ್ನೆ ನಿನಗೆ ಹಾಗೆ ಹೇಳಬಾರದಿತ್ತು ಕಣಮ್ಮ. ತಪ್ಪಾಯ್ತು” ಅಂದೆ.

ಅವಳಿಗೆ ಅರ್ಥವಾಗಲಿಲ್ಲ. “ಯಾವತ್ತು ಮೇಡಂ?”

“ಮಂಗಳವಾರ. ಪರೀಕ್ಷೆಗೆ ಬರಲ್ಲ, ಕೂತ್ಕೋ ಅಂದೆನಲ್ಲ.”

ಸ್ವಲ್ಪ ಹೊತ್ತು ಯೋಚಿಸಿದಳು. ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದಳು.

“ಓ, ಅದಾ” ಅಂದಳು. “ಎಲ್ರೂ ಹಂಗೇ ಅಂತಾರಲ್ವಾ ಮೇಡಂ.”

ನಗುತ್ತಲೇ ಅಂದಳು. ಆಮೇಲೆ ಬಸ್ಸು ಬಂತು ಅಂತ ಬ್ಯಾಗು ಎತ್ತಿಕೊಂಡು ಓಡಿದಳು.